ಚಾಪೆಯ ಕೆಳಗಿನ ಕಾರ್ಡು

ಮಂಗಳವಾರ, ಹನ್ನೆರಡನೇ ತಾರೀಕು.

ಆಸ್ಪತ್ರೆಯಲ್ಲಿ ಮಲಗಿದ್ದ, ಬಟ್ಟೆ ಹೊಲಿಯುವವಳ ಗಂಡ ಹೋಗಿಬಿಟ್ಟ. ಅವಳು ಅಂಗಡಿಯಿಂದ ಓಡಿ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಅಲ್ಲಿಂದ ನೇರ ನನ್ನ ಬಳಿಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಅಜ್ಜಿ, ಮೂರು ಮಂಗಳವಾರವೂ ಸಾವಿನ ಕಾರ್ಡು ಬೀಳಲೇ ಇಲ್ವಲ್ಲ. ಇನ್ನೂ ಟೈಮಿದೆ ಅಂತ ಹೊಲೀತಾ ಕೂತುಬಿಟ್ಟೆ."

ಬೀಳುವುದಾದರೂ ಎಲ್ಲಿಂದ? ಅವಳು ಬರುವ ಮೊದಲೇ ಅದನ್ನು ಭವಿಷ್ಯ ನೋಡುವ ಟ್ಯಾರೋ ಕಾರ್ಡುಗಳ ಕಟ್ಟಿನಿಂದ ತೆಗೆದು ನಾನು ಕೂರುವ ಚಾಪೆಯ ಕೆಳಗೆ ಸೇರಿಸುತ್ತಿದ್ದೆ. ಇವತ್ತೂ ಸೇರಿಸಿದ್ದೆ. ಊರಿಗೆಲ್ಲ "ಅದು ಸಾವಲ್ಲ ಕಣ್ರೀ, ಬದಲಾವಣೆ" ಎಂದು ಬಾಯಿ ಬಡಿದುಕೊಳ್ಳುವ ನನಗೆ ಇವಳೆದುರು ಮಾತ್ರ ನಾಲಿಗೆ ಏಳಲಿಲ್ಲ. ಕರುಣೆಯಂತೆ! ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ.

ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳೇ ನನ್ನ ಕೈ ಹಿಡಿದು ಸಮಾಧಾನ ಮಾಡಿದಳು: "ನೀವೇನು ಮಾಡ್ತೀರಿ ಬಿಡಿ ಅಜ್ಜಿ, ಕಾರ್ಡಿಗೇ ಗೊತ್ತಾಗಲಿಲ್ಲ."

ನಾನು ಅದರ ಮೇಲೆಯೇ ಕೂತಿದ್ದೆ. ಏಳಲಿಲ್ಲ.