ಹದ್ದಿನ ಮರಿ ಹಾರುವುದರೊಳಗೆ ಒಂದು ಟ್ರೈಪಾಡ್

ರೀ,

ನಾನು ನೀರಿನ ಟ್ಯಾಂಕಿನ ಹತ್ತಿರ ಬರಿಗೈಯಲ್ಲಿ ಹೋಗಿದ್ದೇನೆ. ಅಲ್ಲಿನ ಹದ್ದಿನ ಮರಿ ನಿನ್ನೆಯೇ ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯುತ್ತಿತ್ತು. ಇವತ್ತು ಫೋಟೊ ಸಿಗದಿದ್ದರೆ ಬೇಸಿಗೆಯಿಡೀ ಕಾದದ್ದು ನೀರುಪಾಲು.

ನೀವು ತಂದ ಟ್ರೈಪಾಡ್ ಬಾಗಿಲ ಹಿಂದಿದೆ. ನಿನ್ನೆ ದೊಡ್ಡ ಲೆನ್ಸ್ ಹಾಕಿದ್ದೇ ತಡ, ಟ್ರೈಪಾಡಿನ ತಲೆ ಬಾಗಿ, ಕ್ಯಾಮೆರಾ ಗೂಡಿನ ಬದಲು ನನ್ನ ಚಪ್ಪಲಿ ನೋಡತೊಡಗಿತು. ಟ್ರೈಪಾಡ್ ಎಷ್ಟು ಭಾರ ಹೊರಬೇಕೆಂದು ಅಡುಗೆಮನೆಯ ತಕ್ಕಡಿಯಲ್ಲಿ ಕ್ಯಾಮೆರಾವನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿದವರು ನೀವು, ಲೆನ್ಸನ್ನೇ ಬಿಚ್ಚಿಟ್ಟು ತೂಗಿದ್ದಿರಂತೆ. ಕೇಳಿದರೆ, "ತಕ್ಕಡಿ ಮೇಲೆ ಎರಡೂ ಹಿಡೀಲಿಲ್ಲ ಕಣೆ." ಲೆಕ್ಕದ ಮೇಷ್ಟ್ರು ಬೇರೆ. ನಿಮ್ಮನ್ನು ತೂಗುವಾಗ ಹೊಟ್ಟೆ ಬಿಚ್ಚಿಟ್ಟು ಬರುತ್ತೀರಾ?

ಹೇಗೂ ಶಾಲೆಗೆ ರಜೆ. ಅಂಗಡಿ ತೆಗೆಯುತ್ತಲೇ ಹೋಗಿ ಆ ಟ್ರೈಪಾಡನ್ನು ಬದಲಾಯಿಸಿ. ಕ್ಯಾಮೆರಾ, ಲೆನ್ಸ್ ಎರಡೂ ಮೇಜಿನ ಮೇಲಿವೆ, ಒಯ್ದು ಅಲ್ಲೇ ಕೂರಿಸಿ ನೋಡಿ. ಲೆನ್ಸಿನ ಸುತ್ತಲೇ ಇರುವ ಬಳೆಯನ್ನು ಟ್ರೈಪಾಡಿಗೆ ಸ್ಕ್ರೂ ಮಾಡಬೇಕು, ಕ್ಯಾಮೆರಾದ ಹೊಟ್ಟೆಯನ್ನಲ್ಲ. ಕಾಲುಗಳು ದಪ್ಪಗಿರಲಿ. ನಡುವಿನ ಕಂಬ ಎತ್ತದೆಯೇ ನನ್ನ ಕಣ್ಣಿನೆತ್ತರಕ್ಕೆ ಬರಲಿ. ಒಮ್ಮೆ ತಟ್ಟಿ, ನಡುಕ ನಿಲ್ಲದಿದ್ದರೆ ಬೇಡ. ಅಂಗಡಿಯವನು, "ಒಂದೇ ಬೆರಳಲ್ಲಿ ಎತ್ಬಹುದು ಸಾರ್" ಎಂದರೆ ಖಂಡಿತಾ ಬೇಡ. ಹೊಸದು ದುಬಾರಿಯಾದರೆ ಯಾರೋ ಬಳಸಿ ಬಿಟ್ಟ ಭಾರದ್ದೇ ಸಾಕು. ಗೀರು ಬಿದ್ದಿದ್ದರೆ ನನಗೇನೂ ಬೇಸರವಿಲ್ಲ.

ಅಲ್ಲಿಂದ ನೇರ ಟ್ಯಾಂಕಿನ ಹತ್ತಿರ ಬನ್ನಿ. ಅಷ್ಟರಲ್ಲಿ ಮರಿ ಹಾರಿಹೋಗಿದ್ದರೆ ಸಮಜಾಯಿಷಿ ಹೇಳಬೇಡಿ. ಪಕ್ಕದಲ್ಲಿ ಕೂತು, ಅದು ಹೇಗೆ ಹಾರಿತೆಂದು ನಾನು ಹೇಳುವುದನ್ನು ಪೂರ್ತಿ ಕೇಳಿ. ನಮಗೆ ಉಳಿಯುವ ಫೋಟೊ ಅದೊಂದೇ.