ಮೋಡೆಮ್ ಡ್ರೈವರಿನಲ್ಲಿ ಅಳಿಸಿದ ಹೆಸರು

ಗುರುವಾರ, ಆಗಸ್ಟ್ ೧೪, ೨೦೨೫. ಪೀರನವಾಡಿ.

ಸಿಟ್ಟು ಇನ್ನೂ ಇಳಿದಿಲ್ಲ. ಖಾನಾಪುರದ ಕಾಡಂಚಿನ ಆ ಆಸ್ಪತ್ರೆಗೆ ಮೊಬೈಲ್ ಸಿಗ್ನಲ್ ಇಲ್ಲ. ಹೆರಿಗೆ ವರದಿಗಳೆಲ್ಲ ಟೆಲಿಫೋನ್ ತಂತಿಯಲ್ಲೇ ಹೋಗಬೇಕು. ಅಲ್ಲಿನ ಹಳೆಯ ಮೋಡೆಮ್‌ಗೆ ಸ್ವಂತ ಬುದ್ಧಿಯಿಲ್ಲ; ಕಂಪ್ಯೂಟರಿನ ಡ್ರೈವರ್ ತಂತ್ರಾಂಶವೇ ಎಲ್ಲ ಕೆಲಸ ಮಾಡಬೇಕು. ಮೋಡೆಮ್ ಮಾಡಿದ ಕಂಪನಿ ಆ ಡ್ರೈವರನ್ನು ಕೈಬಿಟ್ಟಾಗ ಎರಡು ವರ್ಷ ಕೂತು ನಾನೇ ಹೊಸದನ್ನು ಬರೆದೆ, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ತೆರೆದಿಟ್ಟೆ. ಕೇಳಿದ್ದಿಷ್ಟೇ: ನನ್ನ ಹೆಸರು ಉಳಿಸಿ, ನೀವು ತಿದ್ದಿದ್ದನ್ನೂ ತೆರೆದಿಡಿ.

ಇವತ್ತು ಅಲ್ಲಿನ ನರ್ಸ್ ಭರಮವ್ವ ನನ್ನನ್ನು ಕರೆಸಿ, ಕಂಪನಿಯವರು ಹಾಕಿಹೋದ ‘ಹೊಸ’ ಡ್ರೈವರ್ ತೋರಿಸಿದರು. ಮೇಲೆ ಕಂಪನಿಯ ಹೆಸರು, ಕೆಳಗೆ “ನಕಲು ಮಾಡುವಂತಿಲ್ಲ”. ಅನುಮಾನ ಬಂದು, ಲೈನು ತಪ್ಪಿದರೆ ಏನು ಸಂದೇಶ ಬರುತ್ತದೆಂದು ಟೆಲಿಫೋನ್ ತಂತಿ ಕಿತ್ತು ನೋಡಿದೆ. ಪರದೆಯ ಮೇಲೆ “ಲೈನು ಸಿಗುತಿಲ” ಎಂದು ಬಂತು. ಅವಸರದಲ್ಲಿ ಒತ್ತಕ್ಷರ ಬಿಟ್ಟು ನಾನೇ ಬರೆದ ಸಾಲು!

“ಯವ್ವಾ ಜನ್ನತ, ನಿನ್ನ ತಪ್ಪನ್ನೂ ಬಿಟ್ಟಿಲ್ಲ ಇವರು!” ಎಂದರು ಭರಮವ್ವ.

ತಂತಿ ಸಿಕ್ಕಿಸಿ, ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿ, ನನ್ನ ಹೆಸರು ಯಾಕೆ ಅಳಿಸಿದಿರಿ ಎಂದು ಕೇಳಿದೆ.

“ದವಾಖಾನಿ ಕೆಲಸ ನಡದೈತಲ್ರೀ, ಹೆಸರು ತಗೊಂಡು ಏನ್ಮಾಡ್ತೀರಿ?” ಎಂದ ಮ್ಯಾನೇಜರ್.

ಭರಮವ್ವ ರಿಸೀವರ್ ಕಸಿದುಕೊಂಡರು. “ಹಂಗಾರ ನಿಮ್ಮ ಹೆಸರು ಯಾಕ ಹಾಕೀರಿ?”

ಅವನು ಫೋನ್ ಇಟ್ಟುಬಿಟ್ಟ.

ಷರತ್ತು ಮುರಿದದ್ದಕ್ಕೆ ಕಂಪನಿಗೆ ನೋಟಿಸು ನಾಳೆ ಬರೆಯುತ್ತೇನೆ. ಈಗ ಬರೆಯಲು ಕೂತರೆ ಬರೀ ಬೈಗುಳವೇ...