ಶನಿವಾರ ಬೆನ್ನು ತಿರುಗಿಸಿದವಳು

ಅಮ್ಮನ ಮನೆ, ಬಂದರಿನ ಮೇಲಿನ ಬೀದಿ
ಮಂಗಳವಾರ, ಏಪ್ರಿಲ್ 22, 1986

ಪ್ರೀತಿಯ ಮಾಲ್ಕಿ,

ಜಗಳವಾಡಿದವರಿಗೂ ಕಾಗದ ಬರೆಯುವಾಗ ‘ಪ್ರೀತಿಯ’ ಎಂದೇ ಶುರುಮಾಡಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರು. ಆ ಪದ ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಹೊರಗೆ ಕಡಲಿನ ಮಂಜು ಬಂದರನ್ನೆಲ್ಲ ನುಂಗಿ ನಮ್ಮ ಬೀದಿಯ ಅರ್ಧಕ್ಕೆ ಏರಿದೆ. ದೋಣಿಗಳ ಎಂಜಿನ್ ಸದ್ದು ಕೇಳುತ್ತದೆ, ದೋಣಿ ಕಾಣುವುದಿಲ್ಲ. ಇಂಥ ಬೆಳಗುಗಳಲ್ಲಿ ನಾನು ಎದ್ದಿದ್ದೇನೋ ಮಲಗಿದ್ದೇನೋ ನನಗೇ ಗೊತ್ತಾಗುವುದಿಲ್ಲ. ‘ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತೀಯಲ್ಲೇ, ಮೀನಿನ ಜಾತಿಯವಳೇ’ ಎಂದು ನೀನು ಗೇಲಿ ಮಾಡುತ್ತಿದ್ದೆ.

ನಿನ್ನ ಕಾಗದ ಶುಕ್ರವಾರ ಬಂತು. ಬರುವ ಶನಿವಾರ ನಿನ್ನ ಕಡೆಯ ಮ್ಯಾಚು. ಮೂವತ್ತೇಳು ತುಂಬಿತು, ಇನ್ನು ಸಾಕು ಎಂದು ಮ್ಯಾನೇಜರ್ ಕೈಕುಲುಕಿದ್ದಾನೆ. ಆಸ್ಟ್ರೇಲಿಯಾದಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುವ ಕೆಲಸ ಕಾದಿದೆ, ಸೋಮವಾರದೊಳಗೆ ಹೂಂ ಎನ್ನಬೇಕು. ಇಷ್ಟನ್ನು ಬರೆದು ಕೊನೆಗೆ ನೀನು ಕೇಳಿದ್ದು ಒಂದೇ: ‘ನಾನು ಇಲ್ಲಿ ಯಾರಿಗಾಗಿ ಉಳಿಯಲಿ? ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೆವು. ನಾನು ಆಡಲು ಹೊರಟಾಗ ಒಂದು ಸಲವಾದರೂ ನೀನು ಕಿಟಕಿಗೆ ಬಂದು ಕೈಬೀಸಿದೆಯಾ?’

ಇಲ್ಲ, ಬೀಸಲಿಲ್ಲ. ಯಾಕೆ ಎಂದು ಈಗ ಹೇಳುತ್ತೇನೆ. ನಗುವುದಾದರೆ ನಕ್ಕುಬಿಡು, ಆದರೆ ಪೂರ್ತಿ ಓದು.

ನೀನು ಗ್ಲಾಸ್ಗೋದವನು, ಹಡಗು ಕಟ್ಟುವವರ ಮಗ. ಹಡಗು ನೀರಿಗಿಳಿದರೆ ನಿಮ್ಮವರ ಕೆಲಸ ಮುಗಿಯಿತು. ಬ್ಯಾಂಡು ಬಾರಿಸಿ, ಟೋಪಿ ಹಾರಿಸಿ, ಕೈ ಸೋಲುವ ತನಕ ಬೀಸಿ ಕಳಿಸುತ್ತೀರಿ. ಮೀನುಗಾರರಾದ ನಮಗೆ ಭಯ ಶುರುವಾಗುವುದೇ ಆಗ. ದೊಡ್ಡ ಕ್ಲಬ್ಬಿನವರು ಬೇಡವೆಂದು ಬಿಟ್ಟ ಮೇಲೆ ನೀನು ಇಪ್ಪತ್ತರ ಹುಡುಗನಾಗಿ ನಮ್ಮೂರ ಟೀಮಿಗೆ ಬಂದೆಯಲ್ಲ, ಮೊದಲ ವಾರವೇ ನಿನ್ನ ಒದೆತಕ್ಕೆ ಚೆಂಡು ಗೋಡೆ ಹಾರಿ ಕಡಲಿಗೆ ಬಿತ್ತು. ಅದನ್ನು ಹುಡುಕುತ್ತ ನಾವು ಮೀನು ಸೀಳುತ್ತಿದ್ದ ಶೆಡ್ಡಿನ ಬಾಗಿಲಿಗೆ ಬಂದು, ಮೊಣಕಾಲ ತನಕ ಒದ್ದೆಯಾಗಿ ನಿಂತಿದ್ದೆ. ನಾನು ಆವತ್ತೇ ಕೆಟ್ಟೆ. ಅಮ್ಮ ಮಾತ್ರ ಚಾಕು ನಿಲ್ಲಿಸದೆ, ‘ಒಂದು ಚೆಂಡು ಉಳಿಸ್ಕೊಳ್ಳೋಕಾಗದೋನು ಸಂಸಾರ ಏನು ಉಳಿಸ್ಕೊಳ್ತಾನೆ’ ಎಂದಳು. ಶೆಡ್ಡಿಗೆ ಶೆಡ್ಡೇ ನಕ್ಕಿತು, ನಿನ್ನ ಕಿವಿ ಕೆಂಪಾಯಿತು.

ಮದುವೆಯ ಹಿಂದಿನ ದಿನ ಅಮ್ಮ ನನ್ನನ್ನು ಕೂರಿಸಿಕೊಂಡು ಚಿಕ್ಕಮ್ಮ ಜೀನಳ ಕಥೆ ಹೇಳಿದಳು. ಚಿಕ್ಕಮ್ಮ ಹೊಸ ಮದುವಣಗಿತ್ತಿ. ಗಂಡ ದೋಣಿ ಹತ್ತಿದಾಗ ಕಟ್ಟೆಯ ತುದಿಯ ತನಕ ಹೋಗಿ, ಹಾಯಿಪಟ ಕಣ್ಮರೆಯಾಗುವವರೆಗೂ ಕೈಬೀಸುತ್ತ ನಿಂತಳಂತೆ. ಆ ದೋಣಿಯ ಒಂದು ಹಲಗೆಯೂ ತಿರುಗಿ ಬರಲಿಲ್ಲ. ‘ಕಣ್ಣಾರೆ ಕಳಿಸಿದ್ರೆ ಕಡಲು ಇಟ್ಕೊಂಡ್ಬಿಡುತ್ತೆ ಕಣೆ. ಅವನು ಹೊಸಿಲು ದಾಟೋವಾಗ ಬೆನ್ನು ತಿರುಗಿಸಿ ನಿಲ್ಲು. ಆವತ್ತು ಅವನ ಬಟ್ಟೆ ಒಗೀಬೇಡ. ಏನೇ ಮರ್ತಿರ್ಲಿ, ಹಿಂದಿಂದ ಕೂಗಬೇಡ’ ಎಂದಳು. ಅವನು ಕಡಲಿಗೆ ಹೋಗುವವನಲ್ಲ, ಹುಲ್ಲಿನ ಮೇಲೆ ಓಡುವವನು ಎಂದು ನಾನು ನಕ್ಕೆ. ‘ಹೋಗೋ ಗಂಡಸು ಹೋಗೋ ಗಂಡಸೇ. ನೀರಾದ್ರೇನು, ಹುಲ್ಲಾದ್ರೇನು’ ಎಂದು ನನ್ನ ಬಾಯಿ ಮುಚ್ಚಿಸಿದಳು.

ನಾನು ನಂಬಿದೆನೋ ಇಲ್ಲವೋ, ಆ ಪ್ರಶ್ನೆ ಬೇರೆ. ಬಿಡುವ ಧೈರ್ಯ ಬರಲಿಲ್ಲ. ಶನಿವಾರ ನೀನು ಚೀಲ ಹೆಗಲಿಗೇರಿಸಿದ ಕೂಡಲೇ ನಾನು ಪಾತ್ರೆ ತೊಳೆಯುವ ತೊಟ್ಟಿಯ ಕಡೆ ತಿರುಗಿಬಿಡುತ್ತಿದ್ದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತ, ನಿನ್ನ ಹೆಜ್ಜೆ ಮೆಟ್ಟಿಲಿಳಿದು, ಬೀದಿಗೆ ಬಿದ್ದು, ಮೂಲೆ ತಿರುಗುವುದನ್ನು ಬೆನ್ನಿನಿಂದಲೇ ಕೇಳುತ್ತಿದ್ದೆ. ನಿನ್ನ ನಡಿಗೆಯ ಸದ್ದು ನನಗೆ ಗೊತ್ತಿರುವಷ್ಟು ನಿನ್ನ ತಾಯಿಗೂ ಗೊತ್ತಿರಲಿಲ್ಲ.

ನೀನು ಹೊಡೆದ ಒಂದು ಗೋಲನ್ನೂ ನಾನು ನೋಡಿಲ್ಲ ಎಂದು ಬರೆದಿದ್ದೀಯ. ನನ್ನ ರೀತಿಯಲ್ಲಿ ನೋಡಿದ್ದೇನೆ ಮಾಲ್ಕಿ. ಮೂರು ಗಂಟೆಗೆ ಮ್ಯಾಚು ಶುರುವಾಗುತ್ತಲೇ ಹೆಣಿಗೆ ಹಿಡಿದು, ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಸ್ವಲ್ಪ ಹೊತ್ತಿಗೆಲ್ಲ ಗೋಡೆ ತೆಳುವಾಗುತ್ತಿತ್ತು. ಮೈದಾನ ಕಾಣುತ್ತಿತ್ತು, ಆದರೆ ಅದರಲ್ಲಿ ಹುಲ್ಲಿಲ್ಲ. ಗಾಳಿಯಿಲ್ಲದ ದಿನದ ಕಡಲಿನ ಹಾಗೆ ಬೂದುಬಣ್ಣದ ನೀರು. ಅದರ ಬಲ ಅಂಚಿನಲ್ಲಿ ನೀನೊಬ್ಬನೇ ಚೆಂಡನ್ನು ಕಾಲಿಗಂಟಿಸಿಕೊಂಡು ಓಡುತ್ತಿದ್ದೆ, ಪಾದ ಒದ್ದೆಯಾಗುತ್ತಿರಲಿಲ್ಲ. ಜನ ದಡದಲ್ಲಿ ನಿಂತು ಹಾಡುತ್ತಿದ್ದರು. ಎಷ್ಟು ಓಡಿದರೂ ಆ ಅಂಚು ಮುಗಿಯುತ್ತಿರಲಿಲ್ಲ, ನನಗದು ಮುಗಿಯುವುದೂ ಬೇಕಿರಲಿಲ್ಲ. ಐದು ಗಂಟೆಗೆ ರೇಡಿಯೊದವನು ಗೋಲುಗಳ ಲೆಕ್ಕ ಓದುವಾಗ ನನಗೆ ಎಚ್ಚರವಾಗುತ್ತಿತ್ತು. ಗೆದ್ದಿರೋ ಸೋತಿರೋ ನಾನು ಗಮನವಿಟ್ಟು ಕೇಳಿದವಳಲ್ಲ. ಮ್ಯಾಚು ಮುಗಿದಿದೆ, ಇನ್ನು ನೀನು ಬರುತ್ತೀಯ, ಅದೇ ನನ್ನ ಹಬ್ಬ.

ಇಷ್ಟನ್ನು ಆಗಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಹೇಳುವವಳಿದ್ದೆ. ಅಷ್ಟರಲ್ಲಿ ನಾವು ಇಂಗ್ಲೆಂಡಿನ ಲಂಕಾಶೈರಿನಲ್ಲಿದ್ದಾಗಿನ ಆ ಶನಿವಾರ ಬಂತು.

ನೀನು ಆಗ ಇಪ್ಪತ್ತೆಂಟರವನು, ಇಂಗ್ಲಿಷರ ಕ್ಲಬ್ಬಿನಲ್ಲಿ ಬಲ ಅಂಚಿನ ರಾಜ. ಸ್ಕಾಟ್ಲೆಂಡ್ ತಂಡಕ್ಕೆ ಆರಿಸುವವರು ಆವತ್ತು ನಿನ್ನನ್ನು ನೋಡಲೆಂದೇ ಬರುವವರಿದ್ದರು. ನೀನು ಹೊರಟೆ, ನಾನು ತಿರುಗಿ ನಿಂತೆ. ಐದು ವರ್ಷದ ಐಲ್ಸಾ ನನ್ನ ಪಕ್ಕದಿಂದ ನುಸುಳಿ ಬರಿಗಾಲಲ್ಲಿ ಬೀದಿಗೋಡಿ, ‘ಅಪ್ಪಾ, ಬಾ ಇಲ್ಲಿ! ಮುತ್ತು ಕೊಡೋದು ಮರ್ತೆ!’ ಎಂದು ಕೂಗಿಬಿಟ್ಟಳು. ಮೂಲೆ ತಲುಪಿದ್ದ ನೀನು ಹಿಂದಿರುಗಿ ಬಂದು, ಅವಳನ್ನೆತ್ತಿ ಮುತ್ತಿಟ್ಟು ಹೋದೆ. ನಾನು ಅದೇ ತಟ್ಟೆಯನ್ನು ಮೂರನೇ ಸಲ ತೊಳೆದೆ. ಸಂಜೆ ನಿನ್ನನ್ನು ಆಸ್ಪತ್ರೆಯಲ್ಲಿ ನೋಡಿದೆ, ಮಂಡಿ ಕುಂಬಳಕಾಯಿಯಷ್ಟು ಊದಿತ್ತು. ಮತ್ತೆ ಯಾರೂ ನಿನ್ನನ್ನು ಆರಿಸಲು ಬರಲಿಲ್ಲ. ಆಮೇಲಿನ ಊರುಗಳೆಲ್ಲ ಸಣ್ಣವು, ಮೈದಾನಗಳೂ ಸಣ್ಣವು.

ಈಗ ಹೇಳು, ನಾನು ಹೇಗೆ ಬಾಯಿ ಬಿಡಲಿ? ಬೆನ್ನು ತಿರುಗಿಸಿದ್ದು ಯಾಕೆ ಎಂದರೆ, ಹಿಂದಿನಿಂದ ಕೂಗಿದ್ದು ಯಾರು ಎನ್ನುವುದೂ ಅದರ ಬಾಲ ಹಿಡಿದು ಬರುತ್ತಿತ್ತು. ಮನೆಗೆ ಬಂದವರಿಗೆಲ್ಲ ನೀನು, ‘ಆ ದಿನ ನಂಗೆ ಸಿಕ್ಕಿದ್ದು ಒಂದೇ ಒಳ್ಳೇದು, ನನ್ ಮಗಳ ಮುತ್ತು’ ಎಂದು ಹೇಳಿಕೊಳ್ಳುತ್ತಿದ್ದೆ, ಐಲ್ಸಾ ಹಿಗ್ಗುತ್ತಿದ್ದಳು. ಆ ಮುತ್ತಿಗೆ ನಾನು ಹುಳಿ ಹಿಂಡಲಾರದೆ ಹೋದೆ. ನೀನು ನನ್ನನ್ನು ಕಲ್ಲು ಎಂದುಕೊಂಡರೂ ಸರಿ, ಆ ಮಗು ತನ್ನಿಂದಲೇ ಹೀಗಾಯಿತು ಅಂದುಕೊಳ್ಳಬಾರದು ಎಂದುಕೊಂಡೆ. ಎರಡು ವರ್ಷದ ಹಿಂದೆ ಕಡೆಯ ಜಗಳದಲ್ಲಿ, ‘ನಿನ್ ಬೆನ್ನಿನ ಗುರುತು ಸಿಗುತ್ತೆ ಎಲ್ಸ್‌ಪೆಟ್, ಮುಖ ಮರ್ತೇ ಹೋಗಿದೆ’ ಎಂದೆಯಲ್ಲ, ಆಗಲೂ ತುಟಿ ಕಚ್ಚಿಕೊಂಡೇ ಪೆಟ್ಟಿಗೆ ಕಟ್ಟಿದೆ.

ಮೊನ್ನೆ ಭಾನುವಾರ ಊಟದ ಹೊತ್ತಿಗೆ ಅಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವಳಿಗೆ ಈಗ ನಾಲಿಗೆಗೂ ತಲೆಗೂ ನಂಟು ಕಮ್ಮಿ. ‘ಕೂಗಿದ್ದು ಕೂಸು, ಬೈಸ್ಕೊಂಡಿದ್ದು ನೀನು’ ಎಂದುಬಿಟ್ಟಳು. ಐಲ್ಸಾ ಸೂಪಿನ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ಬಿಡದೆ ಕೇಳಿ ಕೇಳಿ ಅಜ್ಜಿಯಿಂದ ಎಲ್ಲವನ್ನೂ ಹೊರಡಿಸಿದಳು. ಹದಿನಾಲ್ಕರ ಹುಡುಗಿ ಅಳುತ್ತಾಳೆ ಎಂದುಕೊಂಡರೆ, ನಗುವುದಕ್ಕೆ ಶುರುಮಾಡಿದಳು! ‘ಅಜ್ಜೀ, ಅಪ್ಪನ ಮಂಡಿ ಮುರಿದಿದ್ದು ಎದುರು ಟೀಮಿನ ಆ ನಾಲ್ಕನೇ ನಂಬರಿನ ಧಡಿಯ. ಅವನನ್ನೇನು ನಾನು ಕೂಗಿ ಕರೆದಿದ್ನಾ?’ ಎಂದಳು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ. ‘ನನಗೋಸ್ಕರ ಅಪ್ಪನ್ನ ಕಳ್ಕೊಂಡ್ಯಾ ಅಮ್ಮಾ?’ ಎಂದು, ನನಗಿಂತ ಉದ್ದ ಬೆಳೆದವಳು ಬಂದು ಮಡಿಲಲ್ಲಿ ಕೂತಳು. ಸೂಪು ಆರಿಹೋಯಿತು.

ಆದ್ದರಿಂದ ಈಗ ಎಲ್ಲ ಹೇಳಿದ್ದೇನೆ. ಶನಿವಾರ ನಾನು ಬರುವುದಿಲ್ಲ, ಕೋಪ ಮಾಡಿಕೊಳ್ಳಬೇಡ. ಮಂಡಿ ಇದೊಂದು ಮ್ಯಾಚು ತಡೆಯಲಿ, ಅಷ್ಟಾದರೆ ಸಾಕು. ಆಸ್ಟ್ರೇಲಿಯಾದಲ್ಲಿ ಬಿಸಿಲು ಚೆನ್ನಾಗಿದೆ, ಸಂಬಳವೂ ಒಳ್ಳೆಯದು ಎನ್ನುತ್ತಾರೆ. ಹೊರಟವನ ತೋಳು ಹಿಡಿದು ಎಳೆಯುವುದು ನಮ್ಮ ಮನೆಯ ಪದ್ಧತಿಯಲ್ಲ, ಎಳೆಯುವುದಿಲ್ಲ. ನಿನ್ನನ್ನು ಪ್ರೀತಿಸದೆ ಇದ್ದ ಒಂದು ಶನಿವಾರವೂ ನನಗೆ ನೆನಪಿಲ್ಲ. ನೀನು ಕೇಳಿದ್ದಕ್ಕೆ ಇದೇ ನನ್ನ ಉತ್ತರ.

ಇಂತಿ,
ಈಗ ನಿನ್ನ ಕಡೆಗೆ ಮುಖ ಮಾಡಿ ಕೂತಿರುವ
ಎಲ್ಸ್‌ಪೆಟ್

ಮರೆತ ಮಾತು: ಅಮ್ಮ ಕಲಿಸಿದ್ದರಲ್ಲಿ ಇನ್ನೊಂದನ್ನು ನಿನಗೆ ಹೇಳಲಿಲ್ಲ. ದೋಣಿಗೆ ಹೊರಟವನನ್ನು ಎಲ್ಲಿಗೆ ಎಂದು ಮಾತ್ರ ಕೇಳಬಾರದು. ಕೇಳಿದರೆ ಮುಗಿಯಿತು, ಎಷ್ಟೇ ಗಟ್ಟಿ ಗಂಡಸಾದರೂ ಆ ಪ್ರಯಾಣ ಬಿಟ್ಟು, ಕೇಳಿದವಳನ್ನು ಬೈಯುತ್ತ ಮನೆಗೆ ಹಿಂದಿರುಗುತ್ತಾನೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ನಿನ್ನ ಹತ್ತಿರ ಕೇಳಿದವಳಲ್ಲ. ಬೈದರೆ ಬೈಸಿಕೊಳ್ಳುತ್ತೇನೆ. ಎಲ್ಲಿಗೆ ಹೊರಟೆ, ಮಾಲ್ಕಿ?